ಗೊಬ್ಬರ ಗುಂಡಿಯ ಹುಳು ತೆಂಗಿನ ಸುಳಿಗೆ ಹಾರುವ ಮುನ್ನ

ತೆಂಗಿನ ತೋಟ ಇರುವವರಿಗೆ ಈ ಗುರುತು ಗೊತ್ತೇ ಇರುತ್ತದೆ. ಸುಳಿಯಿಂದ ಹೊಸ ಗರಿ ಬಿಚ್ಚಿಕೊಳ್ಳುತ್ತದೆ. ಆದರೆ ಅದರ ಎರಡೂ ಬದಿಯ ಎಲೆಗಳು ಓರೆಯಾಗಿ, ಸಾಲಾಗಿ ಕತ್ತರಿಸಿ ಹೋಗಿರುತ್ತವೆ. ಅದಕ್ಕೆ ಕತ್ತಿ ತಾಗಿಲ್ಲ, ಗಾಳಿಗೂ ಹರಿದಿಲ್ಲ. ಗರಿ ಇನ್ನೂ ಸುಳಿಯೊಳಗೆ ಮಡಚಿಕೊಂಡಿದ್ದಾಗಲೇ ಒಂದು ದುಂಬಿ ಅಡ್ಡಲಾಗಿ ಕೊರೆದು ಹೋಗಿದೆ. ಮಡಿಕೆಯಲ್ಲಿ ಬಿದ್ದ ಒಂದೇ ತೂತು, ಗರಿ ಬಿಚ್ಚಿದಾಗ ಹತ್ತಾರು ಕಡಿತವಾಗಿ ಕಾಣುತ್ತದೆ.

ಇದು ರೈನೋಸಿರಸ್ ದುಂಬಿಯ ಕೆಲಸ. ಕರಾವಳಿಯಲ್ಲಿ ಇದನ್ನು ಕುರುವಾಯಿ ಎನ್ನುತ್ತಾರೆ. ಕಪ್ಪು ಮೈ, ತಲೆಯ ಮೇಲೆ ಒಂದು ಕೊಂಬು. ಕಬ್ಬಿಣದ ಕೊಕ್ಕೆ ಹಾಕಿ ಸುಳಿಯಿಂದ ಎಳೆದು ತೆಗೆಯುತ್ತಾರೆ. ಇನ್ನು ಅದೇ ತೋಟದ ಮೂಲೆಯ ಗೊಬ್ಬರ ಗುಂಡಿಯನ್ನು ಅಗೆದರೆ ಹೆಬ್ಬೆರಳು ದಪ್ಪದ ಬಿಳಿ ಹುಳು ಸಿಗುತ್ತದೆ. ಕಂದು ತಲೆ, ಅರ್ಧಚಂದ್ರದ ಹಾಗೆ ಬಾಗಿದ ಮೈ, ಎದೆಯ ಹತ್ತಿರ ಆರು ಸಣ್ಣ ಕಾಲು. ಅದು ಸರಿಯಾಗಿ ನಡೆಯಲೂ ಆರದು. ಮರ ಹತ್ತುವುದಂತೂ ದೂರದ ಮಾತು.

ಇವೆರಡೂ ಒಂದೇ ಜೀವಿ ಎಂದು ಹೇಳಿದರೆ ಮೊದಲ ಸಲ ಕೇಳಿದವರಿಗೆ ನಂಬುವುದು ಕಷ್ಟ. ನಮ್ಮ ಕಣ್ಣಿಗೆ ಮರಿ ಅಂದರೆ ದೊಡ್ಡದರ ಸಣ್ಣ ರೂಪ. ಕರು ಹಸುವಿನ ಹಾಗೇ ಇರುತ್ತದೆ, ಕೋಳಿಮರಿಗೆ ಕೊಕ್ಕು ಇರುತ್ತದೆ. ದುಂಬಿಗೆ ಈ ನಿಯಮ ಇಲ್ಲ. ಅದಕ್ಕೆ ಎರಡು ಬದುಕು. ಒಂದರಲ್ಲಿ ತಿಂದು ಬೆಳೆಯುತ್ತದೆ, ಇನ್ನೊಂದರಲ್ಲಿ ಹಾರಿ ಜೋಡಿ ಹುಡುಕಿ ಮೊಟ್ಟೆ ಇಡುತ್ತದೆ. ಈ ಎರಡು ಬದುಕಿನ ನಡುವೆ ಏನಾಗುತ್ತದೆ ಅನ್ನುವುದು ಜೀವಲೋಕದ ದೊಡ್ಡ ಅಚ್ಚರಿಗಳಲ್ಲೊಂದು. ಅದು ರೈತನಿಗೆ ಕೆಲಸಕ್ಕೂ ಬರುವ ವಿಷಯ.

ಕುರುವಾಯಿಯ ಲೆಕ್ಕ ಹೀಗಿದೆ. ಹೆಣ್ಣು ದುಂಬಿ ಕೊಳೆಯುತ್ತಿರುವ ಸಗಣಿ, ಎಲೆಗೊಬ್ಬರ, ಸತ್ತ ತೆಂಗಿನ ಕಾಂಡ ಇಂಥ ಕಡೆ ಮೊಟ್ಟೆ ಇಡುತ್ತದೆ. ಎಂಟರಿಂದ ಹನ್ನೆರಡು ದಿನಕ್ಕೆ ಮರಿ ಹೊರಬರುತ್ತದೆ. ಅದೇ ನಾವು ನೋಡುವ ಗೊಣ್ಣೆಹುಳು. ಅದು ಎರಡು ಸಲ ಪೊರೆ ಕಳಚಿ ಮೂರು ಹಂತದಲ್ಲಿ ಬೆಳೆಯುತ್ತದೆ. ನಾಲ್ಕೈದು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ಸಮಯ ಬರೀ ತಿನ್ನುವುದೇ ಕೆಲಸ. ಕೊಳೆತ ನಾರಿನಲ್ಲಿ ಸತ್ವ ಕಡಿಮೆ, ಹಾಗಾಗಿ ತುಂಬಾ ತಿನ್ನಬೇಕು. ಆ ನಾರನ್ನು ಅರಗಿಸಲು ಅದರ ಹಿಂಗರುಳಿನಲ್ಲಿ ಬ್ಯಾಕ್ಟೀರಿಯಾಗಳ ದೊಡ್ಡ ದಂಡೇ ಇರುತ್ತದೆ. ಹೊಟ್ಟೆಯ ತುದಿ ಬೂದು ಬಣ್ಣಕ್ಕೆ ಕಾಣುವುದು ಅಲ್ಲಿ ತುಂಬಿಕೊಂಡಿರುವ ಈ ಆಹಾರದಿಂದಲೇ. ಆಮೇಲೆ ಹುಳು ತಿನ್ನುವುದನ್ನು ನಿಲ್ಲಿಸಿ, ಸುತ್ತ ಒಂದು ಗೂಡು ಮಾಡಿಕೊಂಡು ಪ್ಯೂಪಾ ಆಗುತ್ತದೆ, ಅಂದರೆ ಏನೂ ತಿನ್ನದೆ ಒಳಗೊಳಗೇ ಬದಲಾಗುವ ಹಂತಕ್ಕೆ ಹೋಗುತ್ತದೆ. ಸುಮಾರು ಮೂರು ವಾರದಲ್ಲಿ ಒಳಗಿನಿಂದ ದುಂಬಿ ತಯಾರಾಗುತ್ತದೆ. ತಯಾರಾದ ತಕ್ಷಣ ಹೊರಗೆ ಬರುವುದಿಲ್ಲ. ಮೊದಲಿಗೆ ಅದರ ಮೈ ಮೆತ್ತಗೆ, ಬಣ್ಣ ತಿಳಿ. ಚಿಪ್ಪು ಗಟ್ಟಿಯಾಗಿ ಕಪ್ಪಾದ ಮೇಲೂ ಕೆಲವು ದಿನ ಗೂಡಿನಲ್ಲೇ ಕೂತಿದ್ದು, ಒಂದು ರಾತ್ರಿ ಎದ್ದು ತೆಂಗಿನ ಸುಳಿಯತ್ತ ಹಾರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ದುಂಬಿ ಆದ ಮೇಲೆ ಬೆಳವಣಿಗೆ ಮುಗಿಯಿತು. ಸಣ್ಣ ದುಂಬಿ ನಾಳೆ ದೊಡ್ಡದಾಗುವುದಿಲ್ಲ, ಅದು ಮರಿಯೂ ಅಲ್ಲ. ಗೊಣ್ಣೆಹುಳುವಾಗಿದ್ದಾಗ ಎಷ್ಟು ತಿಂದಿತೋ ಅಷ್ಟೇ ಅದರ ಗಾತ್ರ. ಗಂಡಿನ ಕೊಂಬು ಎಷ್ಟು ಉದ್ದ ಬರಬೇಕು ಅನ್ನುವುದೂ ಬಹುಪಾಲು ಆ ಗೊಬ್ಬರದ ಗುಂಡಿಯಲ್ಲೇ ತೀರ್ಮಾನ ಆಗಿರುತ್ತದೆ.

ಎಲ್ಲ ಕೀಟಗಳೂ ಹೀಗೆ ಬದಲಾಗುವುದಿಲ್ಲ. ಮಿಡತೆ, ಜಿರಳೆ, ತಿಗಣೆ ಇವುಗಳ ಮರಿ ನೋಡಲು ದೊಡ್ಡದರ ಹಾಗೇ ಇರುತ್ತದೆ. ರೆಕ್ಕೆ ಇದ್ದರೆ ಅದು ಮಾತ್ರ ಕೊನೆಗೆ ಪೂರ್ತಿ ಬರುತ್ತದೆ. ಪ್ಯೂಪಾ ಎಂಬ ಹಂತವೇ ಇಲ್ಲ. ಇದನ್ನು ಅಪೂರ್ಣ ರೂಪಾಂತರ ಎನ್ನುತ್ತಾರೆ. ಮಲೆನಾಡಿನಲ್ಲಿ ಮರದ ಕಾಂಡಕ್ಕೆ ಅಂಟಿಕೊಂಡಿರುವ ಜೀರುಂಡೆಯ ಒಣ ಪೊರೆಯನ್ನು ನೋಡಿದ್ದೀರಲ್ವಾ? ಬೆನ್ನು ಸೀಳಿದ, ಒಳಗೆ ಏನೂ ಇಲ್ಲದ ಪೊರೆ. ಅದು ನೆಲದೊಳಗೆ ಬೇರಿನ ರಸ ಕುಡಿದು ಬೆಳೆದ ಮರಿ ಕೊನೆಯ ಸಲ ಕಳಚಿಟ್ಟದ್ದು. ಹಳೆ ಪುಸ್ತಕಗಳಲ್ಲಿ ಸಿಗುವ ಬೆಳ್ಳಿ ಬಣ್ಣದ ಹುಳುವಿಗೆ ರೂಪಾಂತರವೇ ಇಲ್ಲ. ಜೀವನಪೂರ್ತಿ ಅದೇ ಆಕಾರ, ಗಾತ್ರ ಮಾತ್ರ ಬೇರೆ.

ದುಂಬಿ, ಚಿಟ್ಟೆ, ಪತಂಗ, ಜೇನುನೊಣ, ಇರುವೆ, ನೊಣ, ಸೊಳ್ಳೆ ಇವೆಲ್ಲ ಪೂರ್ಣ ರೂಪಾಂತರದ ಗುಂಪು. ಮೊಟ್ಟೆ, ಮರಿಹುಳು, ಪ್ಯೂಪಾ, ಬೆಳೆದ ಕೀಟ ಎಂಬ ನಾಲ್ಕು ಹಂತ. ವಿಜ್ಞಾನಿಗಳು ಇದುವರೆಗೆ ಹೆಸರಿಟ್ಟ ಸುಮಾರು 10 ಲಕ್ಷ ಕೀಟ ಜಾತಿಗಳಲ್ಲಿ ಬಹುಪಾಲು ಈ ಗುಂಪಿನವು. ದುಂಬಿಗಳೇ ಸುಮಾರು 4 ಲಕ್ಷ. ಈ ಗೆಲುವಿಗೆ ಒಂದು ಮುಖ್ಯ ಕಾರಣ ಸರಳವಾಗಿದೆ. ತಾಯಿಯೂ ಮರಿಯೂ ಒಂದೇ ಊಟಕ್ಕೆ ಜಗಳವಾಡಬೇಕಾಗಿಲ್ಲ. ಕುರುವಾಯಿ ಮರದ ತುದಿಯಲ್ಲಿ ರಸ ಹೀರುತ್ತದೆ, ಅದರ ಮರಿ ನೆಲದಲ್ಲಿ ಕೊಳೆತದ್ದು ತಿನ್ನುತ್ತದೆ. ಮಿಡತೆಯ ಮರಿ ಮತ್ತು ದೊಡ್ಡ ಮಿಡತೆ ಮಾತ್ರ ಒಂದೇ ಹುಲ್ಲಿನ ಮೇಲೆ ಕೂತಿರುತ್ತವೆ. ಈ ಪೂರ್ಣ ರೂಪಾಂತರ ಶುರುವಾಗಿ 30 ಕೋಟಿ ವರ್ಷಕ್ಕಿಂತ ಹೆಚ್ಚಾಗಿದೆ. ಹೂ ಬಿಡುವ ಗಿಡಗಳು ಬಂದದ್ದು ಅದಕ್ಕಿಂತ ಬಹಳ ತಡವಾಗಿ.

ಇನ್ನು, ಒಳಗೆ ಏನು ನಡೆಯುತ್ತದೆ?

ಕೀಟದ ಎಲುಬು ಮೈ ಹೊರಗಿದೆ. ಕೈಟಿನ್ ಎಂಬ ವಸ್ತುವಿನ ಪೊರೆಯೇ ಅದರ ಚರ್ಮ, ಅದೇ ಅದರ ಅಸ್ಥಿಪಂಜರ. ಅದು ಒಂದು ಮಿತಿಗಿಂತ ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಹಳೆಯದನ್ನು ಬಿಚ್ಚಿ ಒಳಗೆ ಹೊಸದನ್ನು ಹಾಕಿಕೊಳ್ಳಬೇಕು. ರೇಷ್ಮೆ ಸಾಕುವವರು ಇದಕ್ಕೆ ಜ್ವರ ಎನ್ನುತ್ತಾರೆ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಒಂದು ದಿನದ ಆಸುಪಾಸಿನಲ್ಲಿ ಪೊರೆ ಬಿಟ್ಟು ಎದ್ದು ಮತ್ತೆ ತಿನ್ನಲು ಶುರು ಮಾಡುತ್ತದೆ. ಹೀಗೆ ನಾಲ್ಕು ಜ್ವರ, ಐದು ಹಂತ. ಸುಮಾರು 25 ದಿನದಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗ ಕೊನೆಯ ಹಂತದಲ್ಲೇ ಖರ್ಚಾಗುತ್ತದೆ. ಆಮೇಲೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟೆಗೆ ಬಿಟ್ಟರೆ ಗೂಡು ಕಟ್ಟುತ್ತದೆ.

ಪ್ರಶ್ನೆ ಇಲ್ಲೇ ಇದೆ. ನಾಲ್ಕು ಸಲ ಪೊರೆ ಕಳಚಿದಾಗಲೂ ಒಳಗಿನಿಂದ ಬಂದದ್ದು ಹುಳುವೇ. ಐದನೇ ಸಲ ಮಾತ್ರ ಪ್ಯೂಪಾ ಏಕೆ ಬಂತು? ಆರನೇ ಸಲ ಪತಂಗ ಏಕೆ? ಹುಳುವಿಗೆ ತನ್ನ ಲೆಕ್ಕ ಹೇಗೆ ಗೊತ್ತು?

ಇದರ ಉತ್ತರಕ್ಕೆ ಹಲವರು ಜೀವ ಸವೆಸಿದ್ದಾರೆ. ಪೋಲೆಂಡಿನ ಸ್ಟೆಫಾನ್ ಕೊಪೆಚ್ 1917ರ ಹೊತ್ತಿಗೆ ಒಂದು ಜಾತಿಯ ಪತಂಗದ ಮರಿಹುಳುಗಳ ನಡುವಿಗೆ ದಾರ ಬಿಗಿದು ನೋಡಿದರು. ಕೊನೆಯ ಹಂತದಲ್ಲಿ ಒಂದು ನಿರ್ದಿಷ್ಟ ದಿನಕ್ಕಿಂತ ಮುಂಚೆ ಕಟ್ಟಿದರೆ ತಲೆಯ ಕಡೆಯ ಅರ್ಧ ಮಾತ್ರ ಪ್ಯೂಪಾ ಆಯಿತು. ಹಿಂದಿನ ಅರ್ಧ ಹುಳುವಾಗಿಯೇ ಉಳಿಯಿತು. ಆ ದಿನ ದಾಟಿದ ಮೇಲೆ ಕಟ್ಟಿದರೆ ಎರಡೂ ಭಾಗ ಬದಲಾದವು. ಅಂದರೆ ತಲೆಯಿಂದ ಏನೋ ಒಂದು ರಕ್ತದಲ್ಲಿ ಹರಿದು ಹಿಂದಕ್ಕೆ ಹೋಗಬೇಕು. ಮಿದುಳು ಹಾರ್ಮೋನು ಕಳಿಸುತ್ತದೆ ಎಂಬುದು ಹೀಗೆ ಮೊದಲು ಹೊಳೆದದ್ದು ಒಂದು ಹುಳುವಿನಿಂದ.

1930ರ ದಶಕದಲ್ಲಿ ಇಂಗ್ಲೆಂಡಿನ ವಿನ್ಸೆಂಟ್ ವಿಗಲ್ಸ್‌ವರ್ತ್ ದಕ್ಷಿಣ ಅಮೆರಿಕದ ರಕ್ತ ಹೀರುವ ಒಂದು ತಿಗಣೆಯ ಮೇಲೆ ಇನ್ನೂ ವಿಚಿತ್ರ ಪ್ರಯೋಗ ಮಾಡಿದರು. ಆ ತಿಗಣೆ ತಲೆ ಕತ್ತರಿಸಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಅವರು ಎಳೆಯ ಮರಿಯ ತಲೆಯನ್ನು ಸರಿಯಾದ ಹೊತ್ತು ನೋಡಿ ತೆಗೆದರು. ಆ ಮರಿ ಮುಂದಿನ ಹಂತಕ್ಕೆ ಹೋಗದೆ ನೇರವಾಗಿ ಪುಟಾಣಿ ಗಾತ್ರದ ಬೆಳೆದ ತಿಗಣೆಯಾಯಿತು. ತಲೆಯಲ್ಲಿ ಇದ್ದ ಯಾವುದೋ ಗ್ರಂಥಿ ಅದನ್ನು ಮರಿಯಾಗಿ ಇರಿಸಿತ್ತು ಎಂಬುದು ಖಚಿತವಾಯಿತು. ಆ ಗ್ರಂಥಿ ಸ್ರವಿಸುವುದನ್ನೇ ಈಗ ಜುವೆನೈಲ್ ಹಾರ್ಮೋನ್ ಎನ್ನುತ್ತಾರೆ. ಎಳೆತನ ಕಾಯುವ ಹಾರ್ಮೋನು ಅದು.

ಪೊರೆ ಕಳಚಲು ಹೇಳುವ ಹಾರ್ಮೋನು ಬೇರೆ. ಅದರ ಹೆಸರು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. ಅದಕ್ಕೆ ಅವರು ಅರೆದದ್ದು 500 ಕಿಲೋ ರೇಷ್ಮೆ ಪ್ಯೂಪಾ. ಸಿಕ್ಕಿದ್ದು 25 ಮಿಲಿಗ್ರಾಂ ಹರಳು! ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಆ ಕೆಲಸದ ತಾಳ್ಮೆ ಅರ್ಥವಾಗುತ್ತದೆ. ಹಾರ್ಮೋನು ಎಷ್ಟು ಕಡಿಮೆ ಇದ್ದರೂ ಸಾಕು ಎಂಬುದೂ ಅದೇ ಲೆಕ್ಕದಿಂದ ಗೊತ್ತಾಗುತ್ತದೆ.

ಈ ಎರಡೂ ಸೇರಿ ನಡೆಸುವ ಆಟ ಶಾಲೆಯ ಬೆಲ್ ಇದ್ದ ಹಾಗೆ. ಎಕ್ಡೈಸೋನ್ ಬೆಲ್ ಹೊಡೆಯುತ್ತದೆ. ಬೆಲ್ ಆದ ಮೇಲೆ ಮುಂದಿನ ಪೀರಿಯಡ್ಡೋ, ಮನೆಗೋ ಅನ್ನುವುದನ್ನು ಹೇಳುವುದು ಜುವೆನೈಲ್ ಹಾರ್ಮೋನ್. ಅದು ಜಾಸ್ತಿ ಇದ್ದಾಗ ಬೆಲ್ ಆದರೆ ಹುಳು ಇನ್ನೂ ದೊಡ್ಡ ಹುಳುವಾಗುತ್ತದೆ. ಕೊನೆಯ ಹಂತದಲ್ಲಿ ಹುಳು ಸಾಕಷ್ಟು ತೂಕ ಮುಟ್ಟಿದ ಮೇಲೆ ಅದರ ಮಟ್ಟ ಕುಸಿಯುತ್ತದೆ. ಆಗ ಬೆಲ್ ಆದರೆ ಪ್ಯೂಪಾ. ಪ್ಯೂಪಾದೊಳಗೆ ಅದು ಇಲ್ಲದೇ ಇರುವಾಗ ಬೆಲ್ ಆದರೆ ರೆಕ್ಕೆಯ ಕೀಟ. ಅಂದರೆ ಹುಳು ದಿನ ಎಣಿಸುವುದಿಲ್ಲ. ತಾನು ಎಷ್ಟು ತಿಂದಿದ್ದೇನೆ ಎಂದು ಮೈಯೇ ಅಳೆಯುತ್ತದೆ. ಹೊಟ್ಟೆಗೆ ಕಡಿಮೆ ಬಿದ್ದ ಹುಳು ಎಷ್ಟೋ ಸಲ ತಡವಾಗಿ ಪ್ಯೂಪಾ ಆಗುವುದು ಇದಕ್ಕೇ.

ಜುವೆನೈಲ್ ಹಾರ್ಮೋನಿನ ಶಕ್ತಿ ಎಂಥದ್ದು ಎಂಬುದಕ್ಕೆ ಒಂದು ನಿಜ ಘಟನೆ ಇದೆ. 1960ರ ದಶಕದಲ್ಲಿ ಪ್ರಾಗ್‌ನ ಕಾರೆಲ್ ಸ್ಲಾಮಾ ತಮ್ಮ ಕೀಟಗಳನ್ನು ಅಮೆರಿಕದ ಹಾರ್ವರ್ಡ್‌ಗೆ ತಂದರು. ಕ್ಯಾರಲ್ ವಿಲಿಯಮ್ಸ್ ಅವರ ಪ್ರಯೋಗಾಲಯ. ಊರಲ್ಲಿ ಚೆನ್ನಾಗಿ ಬೆಳೆಯುತ್ತಿದ್ದ ಆ ಕೀಟಗಳು ಅಲ್ಲಿ ದೊಡ್ಡವಾಗಲೇ ಇಲ್ಲ. ಕೊನೆಯ ಹಂತ ಮುಗಿದ ಮೇಲೂ ಇನ್ನೊಂದು ಸಲ ಮರಿಯಾಗಿಯೇ ಪೊರೆ ಬಿಟ್ಟು, ಹಾಗೇ ಸತ್ತವು. ಆಹಾರ, ನೀರು, ಬೆಳಕು ಎಲ್ಲ ಪರೀಕ್ಷಿಸಿದರು. ಕೊನೆಗೆ ಸಿಕ್ಕಿದ್ದು ಪೆಟ್ಟಿಗೆಯಲ್ಲಿ ಹಾಸಿದ್ದ ಕಾಗದ. ಅಮೆರಿಕದ ಪತ್ರಿಕೆಗಳ ಕಾಗದ ಹಾಕಿದರೆ ಇದೇ ಕಥೆ, ಲಂಡನ್ ಪತ್ರಿಕೆ ಹಾಕಿದರೆ ಏನೂ ತೊಂದರೆ ಇಲ್ಲ! ಅಮೆರಿಕದ ಕಾಗದ ತಯಾರಾಗುತ್ತಿದ್ದುದು ಬಾಲ್ಸಮ್ ಫರ್ ಎಂಬ ಮರದಿಂದ. ಆ ಮರದಲ್ಲಿ ಕೀಟದ ಎಳೆತನದ ಹಾರ್ಮೋನಿನಂತೆ ಕೆಲಸ ಮಾಡುವ ವಸ್ತು ಇತ್ತು. ತನ್ನನ್ನು ತಿನ್ನಲು ಬಂದ ಕೀಟ ಎಂದೂ ಮೊಟ್ಟೆ ಇಡುವ ವಯಸ್ಸಿಗೆ ಬಾರದಂತೆ ಮರವೇ ಮಾಡಿಕೊಂಡ ಏರ್ಪಾಡು ಇದು ಎಂದು ಇದನ್ನು ಅರ್ಥ ಮಾಡಿಕೊಳ್ಳುತ್ತಾರೆ.

ಅದೇ ಉಪಾಯವನ್ನು ಈಗ ಮನುಷ್ಯರೂ ಬಳಸುತ್ತೇವೆ. ಮೆಥೋಪ್ರೀನ್, ಪೈರಿಪ್ರಾಕ್ಸಿಫೆನ್ ಎಂಬ ರಾಸಾಯನಿಕಗಳನ್ನು ಸೊಳ್ಳೆ ಮರಿಗಳಿರುವ ನೀರಿಗೆ ಹಾಕಿದರೆ ಅವು ಸೊಳ್ಳೆಯಾಗಿ ಹಾರುವುದಿಲ್ಲ. ಇದೇ ಬಗೆಯ ಔಷಧ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ರೇಷ್ಮೆಹುಳು ಸೊಪ್ಪು ತಿನ್ನುತ್ತಲೇ ಇರುತ್ತದೆ, ಗೂಡು ಕಟ್ಟುವುದಿಲ್ಲ. ಬೆಳೆಗಾರನ ಒಂದು ಬೆಳೆಯೇ ಹೋಗುತ್ತದೆ. ಆದರೆ ಬಹಳ ಕಡಿಮೆ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ಕೊಟ್ಟರೆ ಹುಳು ಒಂದು ದಿನ ಹೆಚ್ಚು ತಿಂದು ಹೆಚ್ಚು ನೂಲು ಕೊಡುತ್ತದೆ. ಎಕ್ಡೈಸೋನ್‌ನಂಥ ಸಸ್ಯಮೂಲದ ವಸ್ತುವನ್ನು ಸೊಪ್ಪಿಗೆ ಸಿಂಪಡಿಸಿದರೆ ಹುಳುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುತ್ತವೆ. ಚಂದ್ರಿಕೆಗೆ ಬಿಡುವ ಕೆಲಸ ಒಂದೇ ದಿನಕ್ಕೆ ಮುಗಿಯುತ್ತದೆ.

ದುಂಬಿಗಳಲ್ಲಿ ಈ ವಿಷಯ ತಿಳಿಸಿಕೊಟ್ಟದ್ದು ನಮ್ಮ ಅಡುಗೆಮನೆಯ ರವೆ, ಮೈದಾದಲ್ಲಿ ಓಡಾಡುವ ಸಣ್ಣ ಕೆಂಪು ಹುಳು. ಅದೂ ದುಂಬಿಯೇ. ಹಿಟ್ಟಿನೊಳಗೆ ಹಳದಿ ದಾರದಂಥ ಹುಳು ಸಿಕ್ಕಿದರೆ ಅದು ಇದರ ಮರಿ. ಜುವೆನೈಲ್ ಹಾರ್ಮೋನಿನ ಸಂದೇಶವನ್ನು ಓದುವ ಜೀನ್ ಒಂದನ್ನು ಈ ದುಂಬಿಯ ಮರಿಯಲ್ಲಿ ತಡೆದಾಗ, ಅದು ಪೂರ್ತಿ ಬೆಳೆಯುವ ಮುಂಚೆಯೇ ರೂಪಾಂತರಕ್ಕೆ ಇಳಿಯಿತು. ಇದು 2007ರಲ್ಲಿ ತಿಳಿಯಿತು. ಹಾರ್ಮೋನು ಮೈಯಲ್ಲಿ ಇತ್ತು, ಆದರೆ ಅದರ ಮಾತು ಕೇಳಿಸಿಕೊಳ್ಳುವವರು ಇರಲಿಲ್ಲ.

ಪ್ಯೂಪಾದ ಒಳಗೆ ಎಲ್ಲವೂ ಕರಗಿ ರಸವಾಗುತ್ತದೆ, ಆ ರಸದಿಂದ ಹೊಸ ಕೀಟ ಹುಟ್ಟುತ್ತದೆ ಎಂದು ಬಹಳ ಕಡೆ ಬರೆಯುತ್ತಾರೆ. ಇದು ಅರ್ಧ ಸತ್ಯ. ಮರಿಹುಳುವಿನ ಎಷ್ಟೋ ಸ್ನಾಯುಗಳು ಕರಗುವುದು ನಿಜ. ಕರುಳು ಹೊಸದಾಗಿ ಕಟ್ಟಿಕೊಳ್ಳುವುದೂ ನಿಜ, ಏಕೆಂದರೆ ಮುಂದಿನ ಊಟವೇ ಬೇರೆ. ಆದರೆ ನರಗಳ ಜಾಲ ಪೂರ್ತಿ ಅಳಿಯುವುದಿಲ್ಲ, ತಿದ್ದಿಕೊಳ್ಳುತ್ತದೆ. ಉಸಿರಾಟದ ಕೊಳವೆಗಳು ಉಳಿಯುತ್ತವೆ. 2013ರಲ್ಲಿ ಒಂದು ಚಿಟ್ಟೆಯ ಪ್ಯೂಪಾವನ್ನು ಕತ್ತರಿಸದೆ, ಎಕ್ಸ್‌ರೇ ಸ್ಕ್ಯಾನ್ ಮೂಲಕ ದಿನದಿನವೂ ನೋಡಿದಾಗ, ಮೊದಲ ದಿನವೇ ಉಸಿರಾಟದ ಕೊಳವೆಗಳು ಸ್ಪಷ್ಟವಾಗಿ ಕಂಡವು. ಇನ್ನು ಹೊಸ ಅಂಗಗಳು ಶೂನ್ಯದಿಂದ ಬರುವುದಿಲ್ಲ. ನೊಣದ ಮರಿಯಲ್ಲಿ ಮುಂದಿನ ರೆಕ್ಕೆಗೆ, ಕಾಲಿಗೆ, ಕಣ್ಣಿಗೆ ಬೇಕಾದ ಜೀವಕೋಶಗಳು ಪುಟ್ಟ ಬಿಲ್ಲೆಗಳಾಗಿ ಮೊದಲೇ ಮೈಯೊಳಗೆ ಕಾದು ಕೂತಿರುತ್ತವೆ. ದುಂಬಿಯಲ್ಲಿ ಸ್ವಲ್ಪ ಬೇರೆ. ಗೊಣ್ಣೆಹುಳುವಿನ ಆ ಆರು ಸಣ್ಣ ಕಾಲುಗಳ ಜೀವಕೋಶಗಳೇ ಬಹುಮಟ್ಟಿಗೆ ಹೊಸ ಕಾಲನ್ನು ಕಟ್ಟುತ್ತವೆ.

ನರಗಳು ಉಳಿದರೆ ನೆನಪೂ ಉಳಿಯಬಹುದಲ್ವಾ? 2008ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಇದನ್ನು ನೋಡಿದರು. ತಂಬಾಕು ಗಿಡ ತಿನ್ನುವ ಒಂದು ಮರಿಹುಳುವಿಗೆ ಒಂದು ವಾಸನೆ ತೋರಿಸಿ ಸಣ್ಣ ವಿದ್ಯುತ್ ಆಘಾತ ಕೊಟ್ಟರು. ಹುಳು ಆ ವಾಸನೆಯಿಂದ ದೂರ ಹೋಗಲು ಕಲಿಯಿತು. ಕೊನೆಯ ಹಂತದಲ್ಲಿ ಕಲಿತ ಹುಳುಗಳು ಪತಂಗವಾದ ಮೇಲೂ ಆ ವಾಸನೆಯನ್ನು ದೂರ ಇಟ್ಟವು. ಇನ್ನೂ ಎಳೆಯ ಹಂತದಲ್ಲಿ ಕಲಿತವು ಮರೆತಿದ್ದವು. ಬಾಯಿ ಬೇರೆ, ಕಣ್ಣು ಬೇರೆ, ರೆಕ್ಕೆ ಹೊಸದು. ಆದರೂ ಹುಳು ಕಂಡ ಕಷ್ಟ ಪತಂಗಕ್ಕೆ ನೆನಪಿತ್ತು. ನನಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ದೊಡ್ಡ ವಿಸ್ಮಯ ಬೇರೆ ಇಲ್ಲ.

ದುಂಬಿಗಳಲ್ಲೇ ಬಗೆಬಗೆಯ ಬದುಕಿದೆ. ತೊಗರಿ ಹೂವನ್ನು ತಿನ್ನುವ, ಕಪ್ಪು ಮೈಗೆ ಕಿತ್ತಳೆ ಪಟ್ಟೆಯ, ಜಜ್ಜಿ ಅದರ ರಸ ತಾಗಿದರೆ ಬೊಬ್ಬೆ ಏಳಿಸುವ ದುಂಬಿ ಗೊತ್ತಿರಬಹುದು. ಅದರ ಮರಿ ಮೊದಲು ಉದ್ದ ಕಾಲಿನ ಚುರುಕು ಓಟಗಾರ. ನೆಲದಲ್ಲಿ ಮಿಡತೆಯ ಮೊಟ್ಟೆಗಳನ್ನು ಹುಡುಕುತ್ತದೆ. ಸಿಕ್ಕಿದ ಮೇಲೆ ಓಡುವ ಅಗತ್ಯ ಇಲ್ಲ, ಹಾಗಾಗಿ ಮುಂದಿನ ಪೊರೆ ಕಳಚಿದಾಗ ದಪ್ಪ ಮೈಯ ಹುಳುವಾಗಿ ಕೂತು ತಿನ್ನುತ್ತದೆ. ಹೂ ತಿನ್ನುವ ದೊಡ್ಡದು ರೈತನಿಗೆ ಶತ್ರು, ಮಿಡತೆಯ ಮೊಟ್ಟೆ ತಿನ್ನುವ ಮರಿ ಮಿತ್ರ. ಮಿಂಚುಹುಳುವೂ ದುಂಬಿಯೇ. ಅದರ ಮರಿ ನೆಲದಲ್ಲಿ ಬಸವನಹುಳುಗಳನ್ನು ಬೇಟೆಯಾಡುತ್ತದೆ, ಮರಿಯೂ ಮಿನುಗುತ್ತದೆ. ಕೆಲವು ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಬರುವುದಿಲ್ಲ. ಅದು ಹುಳುವಿನ ಆಕಾರದಲ್ಲೇ ನೆಲದಲ್ಲಿ ಕೂತು ಬೆಳಕು ತೋರಿಸಿ ಗಂಡನ್ನು ಕರೆಯುತ್ತದೆ.

ಮತ್ತೆ ತೋಟಕ್ಕೆ ಬರೋಣ. ತೆಂಗಿನ ಇನ್ನೊಬ್ಬ ವೈರಿ ಕೆಂಪು ಮೂತಿ ಹುಳು. ಅದೂ ದುಂಬಿ, ಅದಕ್ಕೂ ಪೂರ್ಣ ರೂಪಾಂತರ. ಆದರೆ ಲೆಕ್ಕ ತಿರುಗುಮುರುಗು. ಕುರುವಾಯಿಯ ಮರಿ ತೆಂಗಿಗೆ ಏನೂ ಮಾಡುವುದಿಲ್ಲ, ದುಂಬಿ ಹಾಳು ಮಾಡುತ್ತದೆ. ಕೆಂಪು ಮೂತಿಯದರಲ್ಲಿ ಮರವನ್ನು ಕೊಲ್ಲುವುದೇ ಮರಿ. ಕಾಲೇ ಇಲ್ಲದ ಆ ಹುಳು ಕಾಂಡದೊಳಗೆ ಸುರಂಗ ಕೊರೆದು ತಿನ್ನುತ್ತದೆ, ಅಲ್ಲೇ ನಾರು ಸುತ್ತಿ ಗೂಡು ಮಾಡಿ ಪ್ಯೂಪಾ ಆಗುತ್ತದೆ. ಹೊರಗೆ ಸೋರಿಕೆ ಕಾಣುವ ಹೊತ್ತಿಗೆ ಎಷ್ಟೋ ಸಲ ಕಾಲ ಮೀರಿರುತ್ತದೆ. ಮೊಟ್ಟೆ ಇಡಲು ಅದಕ್ಕೆ ಮರದಲ್ಲಿ ಗಾಯ ಬೇಕು. ಕುರುವಾಯಿ ಕೊರೆದ ತೂತು ಅದಕ್ಕೆ ಬಾಗಿಲಾಗುತ್ತದೆ. ಹಾಗಾಗಿ ಒಂದನ್ನು ತಡೆದರೆ ಇನ್ನೊಂದಕ್ಕೂ ಅಷ್ಟರಮಟ್ಟಿಗೆ ದಾರಿ ಮುಚ್ಚಿದಂತೆ.

ಕಬ್ಬಿನ ಗೊಣ್ಣೆಹುಳುವಿನ ಕಥೆ ಇನ್ನೊಂದು. ಅದರ ದುಂಬಿ ಮುಂಗಾರಿಗೆ ಮುಂಚಿನ ಒಳ್ಳೆ ಮಳೆ ಬೀಳುವವರೆಗೆ ಮಣ್ಣೊಳಗೆ ಕಾಯುತ್ತದೆ. ಮಳೆ ಬಿದ್ದ ಸಂಜೆ ಮುಸ್ಸಂಜೆಯಲ್ಲಿ ಎದ್ದು ಬೇವು, ಜಾಲಿ ಮರಗಳ ಮೇಲೆ ಗುಂಪು ಸೇರುತ್ತದೆ. ಆ ಕೆಲವು ರಾತ್ರಿ ಕೊಂಬೆ ಅಲುಗಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಊರಿನವರೆಲ್ಲ ಒಟ್ಟಿಗೆ ಮಾಡಿದರೆ ಮಾತ್ರ ಫಲ. ತಡವಾದರೆ ಮೊಟ್ಟೆ ಮಣ್ಣಿಗೆ ಹೋಗಿರುತ್ತದೆ, ಮಳೆಗಾಲವಿಡೀ ಮರಿಗಳು ಬೇರು ತಿನ್ನುತ್ತವೆ. ಆಗ ಔಷಧ ಸುರಿದರೂ ಮಣ್ಣಿನ ಆಳಕ್ಕೆ ತಲುಪುವುದು ಕಷ್ಟ.

ಕುರುವಾಯಿಯನ್ನು ಹಿಡಿಯಲು ಸುಲಭದ ಜಾಗ ಗೊಬ್ಬರ ಗುಂಡಿ. ಅಲ್ಲಿ ಅದು ತಿಂಗಳುಗಟ್ಟಲೆ ಓಡಿಹೋಗದೆ ಇರುತ್ತದೆ. ಮೆಟರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಗುಂಡಿಗೆ ಬೆರೆಸಿದರೆ ಅದು ಹುಳುವಿನ ಪೊರೆಯನ್ನು ತೂರಿ ಒಳಗೆ ಬೆಳೆದು ಕೊಲ್ಲುತ್ತದೆ. ಇನ್ನೊಂದು ಅಸ್ತ್ರ ಒಂದು ವೈರಸ್. 1963ರಲ್ಲಿ ಮಲೇಷ್ಯಾದಲ್ಲಿ ಅಲೋಯಿಸ್ ಹ್ಯೂಗರ್ ಅದನ್ನು ಕಂಡುಹಿಡಿದರು. 1909ರಲ್ಲಿ ಸಿಲೋನಿನಿಂದ ಬಂದ ರಬ್ಬರ್ ಸಸಿಗಳ ಜೊತೆ ಈ ದುಂಬಿ ಸಮೋವಾ ದ್ವೀಪಗಳಿಗೆ ಹೋಗಿ ತೆಂಗನ್ನು ಹಾಳು ಮಾಡಿತ್ತು. 1967ರಲ್ಲಿ ಅಲ್ಲಿ ವೈರಸ್ ಬಿಟ್ಟ ಮೇಲೆ ಹಾವಳಿ ಇಳಿಯಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಇದೇ ಕೆಲಸ ಮಾಡಿದರು. ಇದರ ಚಂದ ಏನೆಂದರೆ ವೈರಸ್ ಎರಡೂ ಬದುಕನ್ನು ಬಳಸಿಕೊಳ್ಳುತ್ತದೆ. ಮರಿಹುಳುವನ್ನು ಕೊಲ್ಲುತ್ತದೆ. ದುಂಬಿಯನ್ನು ತಕ್ಷಣ ಕೊಲ್ಲದೆ ಅದರ ಕರುಳಲ್ಲಿ ಹೆಚ್ಚುತ್ತದೆ. ಆ ದುಂಬಿ ಹಾರಿ ಹೋಗಿ ಬೇರೆ ದುಂಬಿಗಳಿಗೆ, ಬೇರೆ ಗುಂಡಿಗಳಿಗೆ ರೋಗ ಹಂಚುತ್ತದೆ. ಆದರೆ 2007ರಲ್ಲಿ ಗುವಾಮ್ ದ್ವೀಪದಲ್ಲಿ ಕಾಣಿಸಿಕೊಂಡ ಈ ದುಂಬಿಯ ಒಂದು ತಳಿ ಈ ವೈರಸ್ಸಿಗೆ ಸುಲಭವಾಗಿ ಬಗ್ಗುತ್ತಿಲ್ಲ. 2013ರಲ್ಲಿ ಅದು ಹವಾಯಿಯನ್ನೂ ಮುಟ್ಟಿತು.

ನಮ್ಮಲ್ಲಿ ಸಣ್ಣ ಹಿಡುವಳಿದಾರರಿಗೆ ಕಾಸರಗೋಡಿನ ಅದೇ ಸಂಸ್ಥೆ ಇನ್ನೊಂದು ಅಗ್ಗದ ದಾರಿಯನ್ನೂ ಹೇಳುತ್ತದೆ. ಕ್ಲೆರೊಡೆಂಡ್ರಾನ್ ಜಾತಿಯ ಒಂದು ಕುರುಚಲು ಗಿಡವನ್ನು ಗೊಬ್ಬರದ ತೂಕದ ನೂರಕ್ಕೆ ಹತ್ತು ಭಾಗದಂತೆ ಗುಂಡಿಗೆ ಬೆರೆಸುವುದು. ಆ ಗೊಬ್ಬರದಲ್ಲಿ ಬೆಳೆದ ಹುಳುಗಳ ಬೆಳವಣಿಗೆ ಕೆಡುತ್ತದೆ, ಮೈ ವಿರೂಪವಾಗುತ್ತದೆ, ಸರಿಯಾದ ದುಂಬಿಯಾಗಿ ಹೊರಬರುವುದು ಕಡಿಮೆ. ಇದರ ಜೊತೆಗೆ ಸತ್ತ ತೆಂಗಿನ ಕಾಂಡಗಳನ್ನು ತೋಟದಲ್ಲೇ ಕೊಳೆಯಲು ಬಿಡದೆ ಸಾಗಿಸಬೇಕು. ಗುಂಡಿಯ ಗೊಬ್ಬರವನ್ನು ನಾಲ್ಕು ತಿಂಗಳು ಕಾಯದೆ ಆಗಾಗ ಮಗುಚಿ, ಸಿಕ್ಕಿದ ಹುಳುಗಳನ್ನು ಆರಿಸಿ ತೆಗೆಯಬೇಕು.